ಬಸ್ಸಿಗೆ ಹಾಕದ ಕೋವಿ

ಆ ಫೋಟೋದಲ್ಲಿ ಕೋವಿ ಎರಡಿದ್ದವೋ ಮೂರಿದ್ದವೋ ಎಂಬುದು ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ವರ್ಷ ತೀರ್ಮಾನವಾಗದೆ ಉಳಿದ ವಿಷಯ. ಎರಡು ಎಂದು ಚಿಕ್ಕಮ್ಮ, ಮೂರು ಎಂದು ಚಿಕ್ಕಪ್ಪ. ಫೋಟೋ ತೆಗೆದ ಹಬ್ಬದ ದಿನ ನಾನೂ ದೀಪದ ಮುಂದೆ ಕೈಮುಗಿದು ನಿಂತಿದ್ದೆ. ಆದರೂ ನನ್ನನ್ನು ಸಾಕ್ಷಿಗೆ ಕರೆದರೆ ಪ್ರಯೋಜನವಿಲ್ಲ. ಮನೆಗೆ ಬಂದು ಬರೆದ ದಿನಚರಿಯಲ್ಲಿ ಮಳೆ ಇದೆ, ಊಟಕ್ಕಿದ್ದ ಕಡಂಬುಟ್ಟಿನ ಉಂಡೆ ಇದೆ, ಚಿಕ್ಕಪ್ಪನ ಮಂಡಿನೋವು ಇದೆ, ಕೋವಿ ಎಷ್ಟೆಂದು ಇಲ್ಲ. ಖಚಿತವಾಗಿ ಹೇಳಬಲ್ಲದ್ದು ಆ ಫೋಟೋ ಒಂದೇ. ಅದು ಕಂಪನಿಯ ಬಳಿ ಉಳಿದುಹೋಯಿತು.

ಸಂಪಾಜೆಯಿಂದ ಸ್ವಲ್ಪ ಮೇಲೆ, ಘಾಟಿ ರಸ್ತೆಯಿಂದ ಒಳಗಿರುವ ಮನೆ ಅದು. ಚಿಕ್ಕಮ್ಮ ಹುಳಿಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕಾಯಿಸಿ ಕಾಚಂಪುಳಿ ಮಾಡಿ ಬಾಟಲಿಗೆ ತುಂಬುತ್ತಾರೆ, ಹಂದಿ ಮಾಂಸಕ್ಕೆ ಹಾಕುವ ಮಸಾಲೆಪುಡಿ ಹುರಿದು ಮಾಡುತ್ತಾರೆ, ಕಾಡುಮಾವಿನ ಉಪ್ಪಿನಕಾಯಿ ಹಾಕುತ್ತಾರೆ. ಮೊದಲು ನೆಂಟರಿಗೆ ಕೊಡುತ್ತಿದ್ದರು. ಆಮೇಲೆ ಫೋನಿನಲ್ಲಿ, ಆ ಕಂಪನಿಯ ಜಾಲತಾಣದಲ್ಲಿ, ಪುಕ್ಕಟೆಯಾಗಿ ಒಂದು ಪೇಜು ತೆರೆದರು. ಅಡುಗೆಮನೆಯ ಫೋಟೋ ಹಾಕುವುದು, ಯಾರಾದರೂ ಬೇಕೆಂದರೆ ಪಾರ್ಸೆಲ್ ಕಟ್ಟಿ ಮೈಸೂರಿಗೋ ಮಂಗಳೂರಿಗೋ ಹೋಗುವ ಬಸ್ಸಿಗೆ ಹಾಕುವುದು. ಹೀಗೆ ಅವರಿಗೆ ಕಂಡರಿಯದ ಊರುಗಳಲ್ಲಿ ಗುರುತಿನವರಾದರು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಖಾರ ಆಗುವುದಿಲ್ಲ ಎಲ್ಲ ಅವರಿಗೆ ಗೊತ್ತಿತ್ತು. ಆದರೆ ಯಾರ ವಿಳಾಸವನ್ನೂ ಬೇರೆ ಕಡೆ ಬರೆದಿಟ್ಟಿರಲಿಲ್ಲ. ಎಲ್ಲ ಪೇಜಿನ ಒಳಗೇ ಇತ್ತು. ಫೋನ್ ತುಂಬಿತೆಂದು ಫೋಟೋಗಳನ್ನೂ ಅಲ್ಲಿಗೆ ಹಾಕಿ ಇಲ್ಲಿ ಅಳಿಸುತ್ತಿದ್ದರು. ಬೀರುವಿನಲ್ಲಿ ಇಟ್ಟ ಹಾಗೆ ಎನ್ನುತ್ತಿದ್ದರು.

ಕೈಲ್ ಮುಹೂರ್ತದ ದಿನ, ಗದ್ದೆಯ ಕೆಲಸ ಮುಗಿದ ಮೇಲೆ, ಕೋವಿ, ಕತ್ತಿ, ನೊಗ, ನೇಗಿಲನ್ನು ದೀಪದ ಮುಂದಿಟ್ಟು ಪೂಜೆ ಮಾಡುತ್ತೇವೆ. ಚಿಕ್ಕಮ್ಮ ತಮ್ಮ ಫೋನನ್ನೂ ಕತ್ತಿಯ ಪಕ್ಕ ಇಟ್ಟು ಗಂಧ ಹಚ್ಚಿದರು. "ನನ್ನ ಕೆಲಸದ ಸಾಮಾನು ಅದೇ ಅಲ್ವಾ" ಎಂದರು. ಪೂಜೆಯಾದ ಮೇಲೆ ಗಂಧ ಹಚ್ಚಿದ ಆ ಫೋನಿನಿಂದಲೇ, ನಳಿಗೆಗೆ ಹೂವು ಸಿಕ್ಕಿಸಿದ ಕೋವಿಗಳ ಫೋಟೋ ತೆಗೆದು ಪೇಜಿಗೆ ಹಾಕಿದರು, ಎಲ್ಲರಿಗೂ ಶುಭಾಶಯ ಎಂದು.

ಮರುದಿನ ಪೇಜು ಇರಲಿಲ್ಲ. ಆಯುಧ ಮಾರಾಟ ನಮ್ಮ ನಿಯಮಗಳಿಗೆ ವಿರುದ್ಧ ಎಂದು ಒಂದು ವಾಕ್ಯ ಮಾತ್ರ ಇತ್ತು.

ಚಿಕ್ಕಮ್ಮ ಫೋನ್ ಮಾಡಿ ನನ್ನನ್ನು ಮಡಿಕೇರಿಯಿಂದ ಕರೆಸಿಕೊಂಡರು. ದಸರಾ ಹತ್ತಿರ ಬರುತ್ತಿತ್ತು. ಮೈಸೂರಿನ ಕಡೆಯವರು ಹೇಳಿಟ್ಟ ಬಾಟಲಿಗಳು ಅಡುಗೆಮನೆಯ ಗೋಡೆಗೆ ಸಾಲಾಗಿ ನಿಂತಿದ್ದವು, ಯಾರಿಗೆ ಯಾವುದೆಂದು ಹೇಳುವವರಿಲ್ಲದೆ. ಸಾಮಾನು ಹಾಳಾಗುತ್ತದೆಂಬ ಚಿಂತೆ ಅವರಿಗಿರಲಿಲ್ಲ, ಕಾಚಂಪುಳಿ ಹಾಳಾಗುವ ವಸ್ತುವಲ್ಲ. ಅವರು ಮತ್ತೆ ಮತ್ತೆ ಹೇಳಿದ್ದು ಒಂದೇ: "ಕಳಿಸ್ತೇನೆ ಅಂತ ಹೇಳಿ ಓಡಿಹೋದಳು ಅಂತ ತಿಳ್ಕೊಳ್ತಾರೆ ಅವರೆಲ್ಲ."

ಸಂಪಾಜೆ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವವನ ಅಂಗಡಿಗೆ ಮೂವರೂ ಹೋದೆವು. ಅವನು ಫೋನನ್ನು ಅತ್ತಿತ್ತ ತಿರುಗಿಸಿ ನೋಡಿ, "ಒಂದು ಸಲ ಅಪೀಲು ಹಾಕಬಹುದು ಅಕ್ಕ. ಒಂದೇ ಸಲ" ಎಂದ.

"ಯಾರಿಗಾದರೂ ಫೋನ್ ಮಾಡಿ ಮಾತಾಡ್ಲಿಕ್ಕೆ ಆಗುದಿಲ್ವಾ?" ಎಂದರು ಚಿಕ್ಕಮ್ಮ.

"ಯಾರಿಗೆ ಅಂತ ಮಾಡುದು? ಆಫೀಸು ಎಲ್ಲುಂಟು ಅಂತ ನನಗೇ ಗೊತ್ತಿಲ್ಲ. ಮತ್ತೆ ಒಂದು ಮಾತು, ಬೇಜಾರು ಮಾಡ್ಬೇಡಿ. ಪುಕ್ಕಟೆ ಕೊಟ್ಟದ್ದು ಅಲ್ವಾ ಅವರು? ಪುಕ್ಕಟೆ ಕೊಟ್ಟವರ ಹತ್ರ ಜಗಳ ಹೇಗೆ ಮಾಡುದು?"

"ಎಂತ ಪುಕ್ಕಟೆ ಮಾರಾಯ?" ಎಂದು ಚಿಕ್ಕಪ್ಪ ಎದ್ದೇ ನಿಂತರು. "ಮರ ಕೊಯ್ಯುವ ಮೆಷಿನ್ ಒಂದು ತಗೊಳ್ಬೇಕು ಅಂತ ಒಂದು ದಿನ ಬಾಯಿ ಬಿಟ್ಟು ಹೇಳಿದ್ದೇನೆ ಅಷ್ಟೆ. ತಿಂಗಳಿಡೀ ಫೋನ್ ತೆಗೆದರೆ ಅದೇ ಮೆಷಿನ್ನಿನ ಜಾಹೀರಾತು. ನಾನು ಹೇಳಿದ್ದು ಇವಳಿಗೂ ಅಷ್ಟು ನೆನಪಿರುದಿಲ್ಲ."

"ನೆನಪಿಟ್ಕೊಳ್ಳುವಂಥದ್ದು ಹೇಳಿದರೆ ತಾನೇ" ಎಂದರು ಚಿಕ್ಕಮ್ಮ.

ಅಂಗಡಿಯವನು ನಕ್ಕು ಬಿಟ್ಟ. ಈ ದೊಡ್ಡ ಕಂಪನಿಗಳ ನಡತೆಯ ಬಗ್ಗೆ ನನಗೆ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ಏಕಸ್ವಾಮ್ಯ, ಹೊಣೆಗಾರಿಕೆ ಎಂಬ ಮಾತುಗಳು ಬಾಯಿತುದಿಯಲ್ಲೇ ಇರುತ್ತವೆ. ಆದರೆ ಅವು ನನ್ನವೋ ಅಥವಾ ಅವರದೇ ಫೋನಿನಲ್ಲಿ, ಅವರದೇ ಪೇಜುಗಳಲ್ಲಿ ಓದಿ ನನ್ನವೆಂದು ಅಂದುಕೊಂಡವೋ ಎಂಬ ಅನುಮಾನ ಅವತ್ತೂ ಇತ್ತು. ಚಿಕ್ಕಪ್ಪನ ಮೆಷಿನ್ನಿನ ಮಾತು ಅವರದೇ. ಅದರಲ್ಲಿ ಸಂಶಯವಿಲ್ಲ.

ಮನೆಗೆ ಬಂದು ಅಪೀಲು ಬರೆಯಲು ಕೂತೆವು. ಮೊದಲ ತೊಡಕೇ ಅಲ್ಲಿ ಬಂತು. ಫೋಟೋದಲ್ಲಿ ಏನಿತ್ತೆಂದು ವಿವರಿಸಬೇಕು, ಆದರೆ ಫೋಟೋ ನಮ್ಮಲ್ಲಿಲ್ಲ. ಎರಡು ಕೋವಿ, ಮೂರು ಕೋವಿ ಎಂಬ ಜಗಳ ಶುರುವಾದದ್ದು ಆಗ. ನಾನು "ಕೆಲವು ಸಾಂಪ್ರದಾಯಿಕ ಕೋವಿಗಳು" ಎಂದು ಬರೆದು ಪಾರಾದೆ. ಇಂಗ್ಲಿಷಿನಲ್ಲಿ, ವಕೀಲರ ನೋಟಿಸಿನ ಹಾಗೆ ಒಂದಿಷ್ಟು ವಾಕ್ಯ ಜೋಡಿಸಿದೆ.

"ಎಂತ ಬರೆದದ್ದು, ಓದು."

ಕನ್ನಡಕ್ಕೆ ತಂದು ಓದಿದೆ. ಚಿಕ್ಕಮ್ಮ ಪೂರ್ತಿ ಕೇಳಿ, "ಇದರಲ್ಲಿ ನಾನೆಲ್ಲಿದ್ದೇನೆ?" ಎಂದರು.

ಆಮೇಲೆ ಅವರು ಹೇಳಿದರು, ನಾನು ಬರೆದೆ. ಅವರು ಹೇಳಿದ್ದು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, ನಾನು ಬರೆದದ್ದು ಇಂಗ್ಲಿಷಿನಲ್ಲಿ, ಈಗ ನೆನಪಿಸಿಕೊಳ್ಳುತ್ತಿರುವುದು ಕನ್ನಡದಲ್ಲಿ. ದಾರಿಯಲ್ಲಿ ಏನೇನು ಉದುರಿಹೋಯಿತೋ ಗೊತ್ತಿಲ್ಲ. ಹೆಚ್ಚುಕಡಿಮೆ ಹೀಗಿತ್ತು: ನಮಸ್ಕಾರ. ನಾನು ಮನೆಯಲ್ಲಿ ಅಡುಗೆ ಸಾಮಾನು ಮಾಡಿ ಮಾರುವವಳು. ನಾಟಿ ಮುಗಿದ ಮೇಲೆ ನಮ್ಮಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ನಮ್ಮ ಹಿರಿಯರು ಹೋದಾಗಲೂ ಇದೇ ಕೋವಿಯಿಂದ ಗುಂಡು ಹಾರಿಸಿದ್ದು. ಇದು ಮಾರುವಂಥದ್ದಲ್ಲ. ಕೇಳಿದರೂ ಕೊಡುವುದಿಲ್ಲ. ನನ್ನ ಗಿರಾಕಿಗಳಿಗೆ ನಾನು ಎಲ್ಲಿಗೆ ಹೋದೆನೆಂದು ತಿಳಿದಿಲ್ಲ, ದಯಮಾಡಿ ಪೇಜು ತೆರೆಯಿರಿ. ಹೆದರಬೇಡಿ.

"ಹೆದರಬೇಡಿ ಅಂತ ಯಾಕೆ ಚಿಕ್ಕಮ್ಮ?"

"ಪಾಪ, ಎಲ್ಲಿಯೋ ದೂರದ ಊರಲ್ಲಿ ಕೂತದ್ದು ಯಾವುದೋ ಹುಡುಗಿ. ಬೆಳಗ್ಗೆ ಬಂದು ಕೆಲಸಕ್ಕೆ ಕೂತರೆ ಎದುರಿಗೆ ಕೋವಿ. ನಿಂಗಾದರೆ ಹೆದರಿಕೆ ಆಗುದಿಲ್ವಾ?"

ಅದನ್ನು ಹಾಗೆಯೇ ಬರೆದು ಕಳಿಸಿದೆ. ಚಿಕ್ಕಮ್ಮ ಕಾಫಿಗೆ ನೀರಿಡಲು ಎದ್ದರು. ನೀರು ಕಾಯುವ ಮೊದಲೇ ಉತ್ತರ ಬಂತು. ನಿಮ್ಮ ಮನವಿಯನ್ನು ಪರಿಶೀಲಿಸಿದ್ದೇವೆ, ನಮ್ಮ ತೀರ್ಮಾನದಲ್ಲಿ ಬದಲಾವಣೆ ಇಲ್ಲ.

"ಓದಿ ಆಯ್ತಾ? ಇಷ್ಟು ಬೇಗ?"

ಓದಿದ್ದು ಮನುಷ್ಯರಲ್ಲದೆ ಇರಬಹುದು, ಯಂತ್ರವೇ ನೋಡಿರಬಹುದು ಎಂದೆ.

ಚಿಕ್ಕಮ್ಮ ಒಲೆಯ ಕಡೆ ತಿರುಗಿದರು. "ಹಾಗಾದ್ರೆ ಹೆದರಿದವರು ಯಾರೂ ಇಲ್ಲ" ಎಂದರು. ಅವರು ನಕ್ಕರೆಂದು ನನ್ನ ದಿನಚರಿಯಲ್ಲಿದೆ. ನನ್ನ ನೆನಪಿನಲ್ಲಿರುವುದು ನಗುವಿಲ್ಲದ ಬೆನ್ನು, ಒಲೆಗೆ ಬಗ್ಗಿದ್ದು. ಎರಡರಲ್ಲಿ ಯಾವುದನ್ನು ನಂಬಲಿ? ದಿನಚರಿ ಬರೆಯುವಾಗ ಅವರ ಬೇಸರವನ್ನು ಸ್ವಲ್ಪ ಹಗುರ ಮಾಡುವ ಆಸೆ ನನಗಿದ್ದಿರಬೇಕು.

ಕೆಲವು ವಾರ ಹಾಗೇ ಹೋಯಿತು. ಆಮೇಲೊಂದು ಮಧ್ಯಾಹ್ನ, ನಾನಿದ್ದಾಗಲೇ, ಚಿಕ್ಕಮ್ಮನ ಫೋನ್ ಹೊಡೆದುಕೊಂಡಿತು. ಅವರು ಮೈಸೂರು ಮೇಡಂ ಎಂದು ಕರೆಯುತ್ತಿದ್ದ ಹಳೆಯ ಗಿರಾಕಿ. ಹಿಂದೆ ತರಿಸಿದ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಚಿಕ್ಕಮ್ಮನ ನಂಬರ್ ಇದೆಯೆಂದು ಅವರಿಗೆ ಅವತ್ತಷ್ಟೇ ಹೊಳೆದಿತ್ತು.

"ಪೇಜೇ ಕಾಣಿಸ್ತಿಲ್ಲವಲ್ರೀ. ಹುಷಾರಾಗಿದ್ದೀರಾ? ಮನೇಲಿ ಎಲ್ಲ ಚೆನ್ನಾಗಿದ್ದಾರಾ? ನಾನು ಏನೇನೋ ಅಂದ್ಕೊಂಡ್ಬಿಟ್ಟೆ."

ಚಿಕ್ಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟದ್ದು ನಾನು. ಚಿಕ್ಕಮ್ಮ ನಡೆದದ್ದನ್ನೆಲ್ಲ ಹೇಳಿದರು.

"ಅಯ್ಯೋ ದೇವರೇ. ಆ ಫೋಟೋ ಕೆಳಗೆ ನಾನೊಂದು ಬರೆದಿದ್ನಲ್ಲ. ನಿಮಗೆ ನೆನಪಿಲ್ವಾ? ನಮಗೂ ಒಂದು ಕಳಿಸಿಕೊಡಿ, ನಮ್ಮೆಜಮಾನ್ರನ್ನ ಹೆದರಿಸ್ಬೇಕು ಅಂತ."

"ಹೌದಾ? ಅದಕ್ಕೆ ನಾನೆಂತ ಬರೆದೆ?"

"ಆಯ್ತು ಮೇಡಂ, ನಾಳೆ ಬಸ್ಸಿಗೆ ಹಾಕ್ತೇನೆ ಅಂತ ಬರೆದಿದ್ರಿ ಕಣ್ರೀ!"

ಚಿಕ್ಕಮ್ಮ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಇದಂತೂ ನನಗೆ ಖಂಡಿತ ನೆನಪಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಜಗಲಿಯಿಂದ ಚಿಕ್ಕಪ್ಪ, "ನೋಡಿದಿಯಾ, ಕೋವಿ ವ್ಯಾಪಾರ ಮಾಡಿದ್ದು ಹೌದಲ್ಲ ಹಾಗಾದ್ರೆ! ಸುಮ್ಮನೆ ಆ ಕಂಪನಿಯವರನ್ನು ಬೈದೆವು" ಎಂದರು.

ಆ ಒಂದು ಸಾಲಿನಿಂದಲೇ ಪೇಜು ಹೋಯಿತೆಂದು ನಾವು ಅವತ್ತು ನಂಬಿದೆವು. ನಿಜವೋ ಅಲ್ಲವೋ ಗೊತ್ತಿಲ್ಲ. ಕಂಪನಿ ಕಾರಣ ಬಿಡಿಸಿ ಹೇಳಲಿಲ್ಲ. ಹೇಳದೆ ಇದ್ದಾಗ ನಮಗೆ ಒಪ್ಪುವ ಒಂದು ಕಾರಣವನ್ನು ನಾವೇ ಮಾಡಿಕೊಂಡೆವು ಅಷ್ಟೆ. ಆದರೆ ಚಿಕ್ಕಮ್ಮನ ಸಿಟ್ಟು ಅದರಿಂದ ಬೇರೆ ಆಕಾರಕ್ಕೆ ಬಂತು. ಮೈಸೂರು ಮೇಡಂ ಫೋನಿಟ್ಟ ಮೇಲೆ ಹೇಳಿದರು:

"ತಪ್ಪು ತಿಳ್ಕೊಂಡದ್ದಕ್ಕೆ ನಂಗೆ ಬೇಜಾರಿಲ್ಲ. ಓದಿದರೆ ಯಾರಿಗಾದರೂ ಹಾಗೇ ಕಾಣ್ಬಹುದು. ಆದರೆ ಕೇಳ್ಬಹುದಿತ್ತಲ್ಲ. ಯಾರಾದರೂ ದೂರು ಕೊಟ್ಟಿದ್ದರೆ ಸ್ಟೇಷನ್ನಿನ ಪೊಲೀಸ್ ಬರ್ತಿದ್ದ. ಎಂತಮ್ಮ, ಕೋವಿ ಮಾರ್ತೀರಂತೆ ಅಂತ ಕೇಳ್ತಿದ್ದ. ನಾನು ಹೇಳ್ತಿದ್ದೆ. ಕಾಫಿ ಕುಡಿದು ಹೋಗ್ತಿದ್ದ."

"ಒಂದು ಬಾಟಲಿ ಕಾಚಂಪುಳಿಯೂ ತಗೊಂಡು ಹೋಗ್ತಿದ್ದ" ಎಂದರು ಚಿಕ್ಕಪ್ಪ.

"ಹೋಗಲಿ, ಕೊಡುವಾ. ಕೇಳ್ಲಿಕ್ಕೆ ಬಂದನಲ್ಲ."

ಗ್ರಾಹಕರ ಹಕ್ಕುಗಳ ಬಗ್ಗೆ ನಾನು ಓದಿದ ಯಾವ ಬರಹಕ್ಕಿಂತಲೂ ಆ ಮಾತು ನನಗೆ ಹತ್ತಿರವಾಯಿತು ಎಂದು ಬರೆಯಲು ಹೊರಟೆ. ಬರೆಯುವಾಗಲೇ ಅನುಮಾನ ಬಂತು. ಪೊಲೀಸ್ ಹಾಗೇ ಬರುತ್ತಿದ್ದ, ಹಾಗೇ ಹೋಗುತ್ತಿದ್ದ ಎಂದು ಏನು ಖಾತ್ರಿ? ಚಿಕ್ಕಮ್ಮ ಮನೆಯ ಅಂಗಳಕ್ಕೆ ಬಂದವರನ್ನೆಲ್ಲ ಒಳ್ಳೆಯವರೆಂದೇ ನೆನಪಿಟ್ಟುಕೊಳ್ಳುತ್ತಾರೆ. ಅಂಗಳಕ್ಕೆ ಬಾರದವರನ್ನೂ ಹೆದರಿದ ಹುಡುಗಿ ಎಂದು ಕಲ್ಪಿಸಿಕೊಂಡವರು ಅವರು. ಆ ಕಲ್ಪನೆಗೆ ತಕ್ಕ ಒಬ್ಬರು ಆ ಕಡೆ ಇರಬಾರದಿತ್ತೇ ಎಂದು ಈಗಲೂ ಅನಿಸುತ್ತದೆ.

ಪೇಜು ಮರಳಿ ಬರಲಿಲ್ಲ. ಮೈಸೂರು ಮೇಡಂ ತಮ್ಮ ಅಕ್ಕತಂಗಿಯರಿಗೆ, ಪಕ್ಕದ ಮನೆಯವರಿಗೆ ನಂಬರ್ ಕೊಟ್ಟರು. ಅವರಿಂದ ಮತ್ತಷ್ಟು ಜನ ಸಿಕ್ಕರು. ಗೋಡೆಯ ಪಕ್ಕದ ಬಾಟಲಿಗಳು ಒಂದೊಂದಾಗಿ ಬಸ್ಸು ಹತ್ತಿದವು. ಎಲ್ಲರೂ ಸಿಗಲಿಲ್ಲ. ಹುಬ್ಬಳ್ಳಿಯ ಕಡೆಯ ಒಬ್ಬರು ಬಸುರಿ ಮಗಳಿಗೆಂದು ಕಾಡುಮಾವಿನ ಉಪ್ಪಿನಕಾಯಿ ಹೇಳಿದ್ದರು. ಆ ಜಾಡಿ ಇನ್ನೂ ಅಟ್ಟದ ಮೇಲಿದೆ. ಹೆರಿಗೆ ಆಗಿರಬೇಕು, ಮಗು ಕೂತಿರಬೇಕು ಎಂದು ಚಿಕ್ಕಮ್ಮ ಆಗಾಗ ಹೇಳುತ್ತಾರೆ. ಜಾಡಿ ತೆರೆಯಲು ಬಿಡುವುದಿಲ್ಲ.

ಈ ವರ್ಷದ ಕೈಲ್ ಮುಹೂರ್ತಕ್ಕೂ ಹೋಗಿದ್ದೆ. ಚಿಕ್ಕಮ್ಮ ಫೋನನ್ನು ದೀಪದ ಮುಂದೆ ಇಡುತ್ತಾರೋ ಇಲ್ಲವೋ ಎಂದು ಕಾದೆ. ಕತ್ತಿಯ ಪಕ್ಕದಲ್ಲೇ ಇಟ್ಟು ಗಂಧ ಹಚ್ಚಿದರು. "ಅದು ಎಂತ ಮಾಡಿತು ಪಾಪ" ಎಂದರು. ಮಂಗಳಾರತಿ ಮುಗಿಯುವಾಗ ಅದು ಹೊಡೆದುಕೊಂಡಿತು. ಮೈಸೂರು ಮೇಡಂ, ಹಬ್ಬಕ್ಕೆ ಶುಭಾಶಯ ಹೇಳಲು.

"ಒಂದು ಫೋಟೋ ಕಳಿಸ್ರೀ, ನೋಡೋಣ."

"ಇಲ್ಲ ಮೇಡಂ, ಫೋಟೋ ಬೇಡ. ಬಾಯಲ್ಲೇ ಹೇಳ್ತೇನೆ, ಕೇಳಿ." ಚಿಕ್ಕಮ್ಮ ಕೋವಿಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತರು. "ದೀಪ ಉಂಟು. ನೊಗ ಉಂಟು, ನೇಗಿಲು ಉಂಟು. ಎರಡು ಕೋವಿ, ನಳಿಗೆಗೆ ಕೆಂಪು ಹಳದಿ ಹೂವು ಇಟ್ಟದ್ದು."

"ಮೂರು!" ಎಂದರು ಚಿಕ್ಕಪ್ಪ.

ಈ ಸಲ ನಾನು ಹತ್ತಿರ ಹೋಗಿ ನೋಡಿದೆ. ಹೂವಿಟ್ಟವು ಎರಡು. ಹಿಂದೆ, ಗೋಡೆಗೆ ಒರಗಿಸಿದ ಇನ್ನೊಂದು, ಚಿಕ್ಕಪ್ಪನ ಅಪ್ಪನದು, ಕುದುರೆಯೆನ್ನುವ ಕೀಲು ಮುರಿದು, ನಳಿಗೆ ತುಕ್ಕು ಹಿಡಿದು ಹಾರಿಸಲು ಬಾರದ್ದು. ಚಿಕ್ಕಮ್ಮ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಚಿಕ್ಕಪ್ಪ ಬಿಡುವುದಿಲ್ಲ.

"ಆಯ್ತು, ಮೂರು ಅಂತೆ ಮೇಡಂ" ಎಂದು ಚಿಕ್ಕಮ್ಮ ಎದ್ದು, ಉಳಿದ ಒಂದು ಹೂವನ್ನು ಆ ತುಕ್ಕಿನ ನಳಿಗೆಗೂ ಸಿಕ್ಕಿಸಿದರು. "ಯಾವುದು ಬೇಕು ಹೇಳಿ, ನಾಳೆ ಬಸ್ಸಿಗೆ ಹಾಕ್ತೇನೆ."