ಕುಂಕುಮ ಹಚ್ಚಿಸಿಕೊಂಡ ಕಾಗದದ ಲ್ಯಾಪ್‌ಟಾಪ್

ಮೊನ್ನೆ ಗ್ರಾಂಟ್ ರೋಡಿನ ಅಂಗಡಿಯೊಂದರಲ್ಲಿ ಪೇಡೆ ಕೊಂಡೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ಖುಷಿಗೆ ಒಂದನ್ನು ಬಾಯಿಗೆ ಹಾಕಿಕೊಳ್ಳೋಣ ಎಂದು ಡಬ್ಬಿಯ ಮುಚ್ಚಳ ತೆಗೆದರೆ, ಪೇಡೆಗಿಂತ ಮೊದಲು ಮೂಗಿಗೆ ಬಡಿದದ್ದು ಮೈದಾ ಅಂಟಿನ ಹುಳಿ ವಾಸನೆ. ತಿನ್ನುವ ಮನಸ್ಸೇ ಹೋಯಿತು. ಹಿಂದೆ ನಾವಿದ್ದ ಕುರ್ಲಾದ ಚಾಳಿನಲ್ಲಿ ನಮ್ಮ ಎದುರು ಖೋಲಿಯಲ್ಲಿದ್ದ ಕಾಕು ನೆನಪಾದರು. ಇಡೀ ಚಾಳಿಗೇ ಅವರು ಕಾಕು, ಚಿಕ್ಕಮ್ಮ.

ವಿಜಯಪುರದ ಕಡೆಯವರು. ಮಿಠಾಯಿ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮಾಡಿಕೊಡುವುದು ಅವರ ಕೆಲಸ. ಮಡಚಿ, ಅಂಟು ಸವರಿ, ಅಂಗೈಯಿಂದ ಒಮ್ಮೆ ಒತ್ತಿದರೆ ಮುಗಿಯಿತು. ಮೂಲೆ ಬಿಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ನನ್ನ ಕೈಯೋ... ಲಕೋಟೆ ಅಂಟಿಸಿದರೂ ಸೊಟ್ಟ.

ಮಗಳು ಎರಡನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಅಪ್ಪಣೆಯಾಯಿತು: ಕಾಗದದ ಲ್ಯಾಪ್‌ಟಾಪ್ ಮಾಡಿ ದಸರೆಯ ಮರುದಿನವೇ ತರಬೇಕು, ಅದಕ್ಕೆ ಅಂಕ ಬೇರೆ. ಈ ಶಾಲೆಗಳು ಪ್ರಾಜೆಕ್ಟ್ ಕೊಡುವುದು ಮಕ್ಕಳಿಗಲ್ಲ, ತಾಯಂದಿರಿಗೆ. ಆಫೀಸಿನಿಂದ ಬಂದು ಎರಡು ಸಂಜೆ ಹೆಣಗಿದೆ. ಪರದೆ ನಿಲ್ಲಿಸಿದರೆ ಹಿಂದಕ್ಕೆ ಬೀಳುತ್ತಿತ್ತು, ಎತ್ತಿದರೆ ಕೀಬೋರ್ಡೇ ಕಿತ್ತು ಬರುತ್ತಿತ್ತು. ಕೊನೆಗೆ ಎಲ್ಲವನ್ನೂ ಒಯ್ದು ಕಾಕುವಿನ ಮುಂದೆ ಸುರಿದೆ. ಅವರು ಲ್ಯಾಪ್‌ಟಾಪ್ ಮುಟ್ಟಿದವರೇ ಅಲ್ಲ. ನನ್ನ ಆಫೀಸಿನದನ್ನು ನಾಲ್ಕು ಸಲ ತೆರೆದು ಮುಚ್ಚಿ ನೋಡಿ, "ಇಷ್ಟ ಏನು? ಇದೂ ಮುಚ್ಚಳದ ಡಬ್ಬಿನ ಅಲ್ಲೇನವಾ" ಎಂದರು. ಹಿಂಬದಿಗೆ ಬಟ್ಟೆಯ ಪಟ್ಟಿ ಅಂಟಿಸಿ ಎಂಥ ಲ್ಯಾಪ್‌ಟಾಪ್ ಮಾಡಿಕೊಟ್ಟರು! ಮಗಳು ಸ್ಕೆಚ್‌ಪೆನ್ನಿನಲ್ಲಿ ಒಂದೊಂದೇ ಅಕ್ಷರ ಬರೆದಳು. ಅಂಟು ಒಣಗಲಿ ಎಂದು ಅವರ ಮನೆಯಲ್ಲೇ ಬಿಟ್ಟು ಬಂದೆವು.

ದಸರೆಯ ಮಧ್ಯಾಹ್ನ ತರಲು ಹೋದರೆ, ದೇವರ ಮುಂದೆ ಕಾಕುವಿನ ಕತ್ತರಿ, ಕುಂಚ, ಕಬ್ಬಿಣದ ಪಟ್ಟಿ, ಅಂಟಿನ ಬೋಗುಣಿ. ಅವುಗಳ ನಡುವೆ ನಮ್ಮ ಲ್ಯಾಪ್‌ಟಾಪ್. ನೀರು ಚಿಮುಕಿಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮುಗಿದಿತ್ತು. ಸ್ಕೆಚ್‌ಪೆನ್ನಿನ ಅಕ್ಷರಗಳೆಲ್ಲ ಕರಗಿ ಹರಿದಿದ್ದವು.

"ದುಡಿಯೋ ಸಾಮಾನಿಗೆಲ್ಲಾ ಪೂಜಿ ಮಾಡ್ದೆ. ಕೂಸಿನ ವಿದ್ಯಾದ ಸಾಮಾನ ಹೆಂಗ ಬಿಡ್ಲಿ?" ಎಂದರು ಕಾಕು, ನಗುತ್ತ.

ನನಗೆ ತಲೆ ಕೆಟ್ಟಿತು. "ಕಾಗದಕ್ಕ ಯಾರರೆ ನೀರ ಹೊಡೀತಾರೇನ್ರಿ? ತಿಳೀದಿದ್ರ ಮುಟ್ಟಬಾರದು!" ಎಂದು ಬಾಗಿಲಲ್ಲೇ ನಿಂತು ಕೂಗಿದೆ. ಜೀವಮಾನವೆಲ್ಲ ಕಾಗದ, ಅಂಟಿನಲ್ಲೇ ಬದುಕಿದವರಿಗೆ ನಾನು ಆಡಿದ ಮಾತು ಇದು. "ಮಮ್ಮಿ, ಕಾಕುಗೆ ಬಯ್ಯಬೇಡ ನಾ... ಅಚ್ಛಾ ಹೈ" ಎಂದು ಮಗಳು ದುಪಟ್ಟಾ ಎಳೆಯುತ್ತಿದ್ದಳು. ಕೇಳುವವರಾರು? ಕಾಕು ಚೆಂಡುಹೂವನ್ನು ತೆಗೆದು ಪಕ್ಕಕ್ಕಿಟ್ಟರು.

ಮರುದಿನ ಬೆಳಗ್ಗೆ ಸ್ಟೇಷನರಿ ಅಂಗಡಿಯಿಂದ ಸಿದ್ಧ ಮಾಡಿಟ್ಟದ್ದೊಂದನ್ನು ಕೊಂಡು ಮಗಳ ಕೈಗೆ ಹಿಡಿಸಿದೆ. ಅಂಕವೂ ಬಂತು. ಆದರೆ ಸಂಜೆ ಬಂದು ನೋಡಿದರೆ ನಮ್ಮ ಬಾಗಿಲಲ್ಲಿ ಇನ್ನೊಂದು ಕಾಗದದ ಲ್ಯಾಪ್‌ಟಾಪ್. ಕುಂಕುಮವಿಲ್ಲ, ಹೂವಿಲ್ಲ. ಕೀಬೋರ್ಡಿಗೆ ಗೆರೆ ಎಳೆದು, ಮಗಳು ಅಕ್ಷರ ಬರೆಯಲಿ ಎಂದು ಚೌಕಗಳನ್ನು ಖಾಲಿ ಬಿಟ್ಟಿದ್ದರು.

ಆಗಲೇ ಹೋಗಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ನಾಳೆ ನಾಚಿಕೆಯಾಯಿತು, ನಾಚಿಕೆ ಮುಚ್ಚಲು ಬಿಗುಮಾನ... ನಲ್ಲಿಯ ಹತ್ತಿರ ಎದುರಾದರೆ ಬಕೆಟ್ಟು ನೋಡುತ್ತ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಚಾಳು ಕೆಡವಿ ಬಿಲ್ಡಿಂಗ್ ಕಟ್ಟುತ್ತಾರೆಂದು ಎಲ್ಲರೂ ದಿಕ್ಕಿಗೊಬ್ಬರಾದೆವು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಹೋದ ವರ್ಷ ಹಳೆಯ ನೆರೆಯವರೊಬ್ಬರು ಸಿಕ್ಕು, ಕಾಕು ತೀರಿಕೊಂಡರು ಎಂದರು. ಮನೆಯಲ್ಲಿ ನಾನು ಹೇಳಿರಲಿಲ್ಲ.

ಮೊನ್ನೆ ಮನೆಗೆ ಬಂದು, ಕಾಕು ಹೋದದ್ದನ್ನು ಹೇಳಿದೆ. ಮಗಳು ಈಗ ಕಾಲೇಜು. ಪೇಡೆಯ ಡಬ್ಬಿಯನ್ನು ತಿರುಗಿಸಿ ನೋಡುತ್ತ ಕೇಳಿದಳು: "ಮಮ್ಮಿ, ಆಮೇಲೆ ನೀನು ಕಾಕುಗೆ ಸಾರಿ ಹೇಳಿದ್ದೆ ನಾ?"

ಹ್ಞೂಂ, ಎಂದುಬಿಟ್ಟೆ.