ನಡುಗೋಡೆಯ ಮೊಳೆ

ಬನಹಟ್ಟಿಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆಚೆ ಅವರ ಪವರ್‌ಲೂಮು, ಈಚೆ ನನ್ನ ಕಂಪ್ಯೂಟರು. ಮದುವೆಯಾಗಿ ಬಂದ ಹೊಸದರಲ್ಲಿ ಆ ಖಟಖಟ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ತವರೂರು ರನ್ನ ಬೆಳಗಲಿಗೆ ಹೋದರೆ ಆ ಸದ್ದಿಲ್ಲದೆ ನಿದ್ದೆಯೇ ಬರುವುದಿಲ್ಲ. ಇದನ್ನು ತವರಿನವರ ಮುಂದೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಈ ನಡುಗೋಡೆಗೊಂದು ಕಟ್ಟಳೆಯಿದೆ. ಮೊಳೆ ಹೊಡೆಯುವುದಿದ್ದರೆ ಆಚೆಯವರನ್ನು ಕೇಳಿಯೇ ಹೊಡೆಯಬೇಕು. ಹಿಂದೊಮ್ಮೆ ಅವರು ಕೇಳದೆ ಗಡಿಯಾರಕ್ಕೆ ಮೊಳೆ ಹೊಡೆದಾಗ ಈಚೆ ನಮ್ಮ ಮಾವನವರ ಪಟ ಬಿದ್ದು ಗಾಜು ಚೂರಾಯಿತಂತೆ. ಅಂದಿನಿಂದ ಪಕ್ಕದ ಮನೆಯಾಕೆ, ನಾವೆಲ್ಲ ಕಾಕು ಎಂದು ಕರೆಯುವವರು, ಬಾಗಿಲಿಗೆ ಬಂದು "ಒಂದು ಮೊಳಿ ಹೊಡೀಲೇನ್ರೀ?" ಎನ್ನುತ್ತಾರೆ, ನಮ್ಮತ್ತೆ "ತಡೀರಿ, ಪಟಾ ಇಳಸ್ತೇನಿ" ಎನ್ನುತ್ತಾರೆ. ಬದುಕಿದ್ದಾಗ ಯಾರ ಮಾತಿಗೂ ಇಳಿಯದ ಮಾವನವರು ಈಗ ಆಗಾಗ ಇಳಿಯುತ್ತಾರೆ.

ನಾನೂ ಜಮಖಂಡಿಯ ಸಿದ್ದುವೂ ಸೇರಿ ಸಾಫ್ಟ್‌ವೇರ್ ಬರೆಯುತ್ತೇವೆ. ಕಾಲೇಜಿನಲ್ಲಿ ನನಗಿಂತ ಕಿರಿಯ, ಈಗಲೂ ಅಕ್ಕಾ ಎನ್ನುತ್ತಾನೆ. ಅವನ ಪ್ರೋಗ್ರಾಮು ಸೀರೆ ಅಂಗಡಿಗೆ, ನನ್ನದು ಬೀಳಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾಕ್ಕೆ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗಕ್ಕೆ. ಎರಡಕ್ಕೂ ಬೇಕಾಗುವ ಕೋಡನ್ನು ಒಂದೇ ಕಡೆ ಇಟ್ಟಿದ್ದೇವೆ. ಇದಕ್ಕೆ ನಮ್ಮ ಕಸುಬಿನಲ್ಲಿ ಲೈಬ್ರರಿ ಎಂದು ಹೆಸರು. ಅಲ್ಲಿ ಪುಸ್ತಕವೂ ಇರುವುದಿಲ್ಲ, 'ಸದ್ದು ಮಾಡಬೇಡಿ' ಎಂಬ ಬೋರ್ಡೂ ಇರುವುದಿಲ್ಲ. ಬೋರ್ಡಿಲ್ಲ ಎಂದೇ ನಾನೂ ನಂಬಿದ್ದೆ.

ಕೆಲಸ ಮಾಡುತ್ತ ಪ್ರೋಗ್ರಾಮು 'ಇದಾಯಿತು, ಅದಾಗಲಿಲ್ಲ' ಎಂದು ಗೊಣಗುವುದಕ್ಕೆ ಲಾಗ್ ಎನ್ನುತ್ತಾರೆ. ನಮ್ಮತ್ತೆ ಅಡುಗೆಮನೆಯಲ್ಲಿ ಮಾಡುವುದೂ ಅದನ್ನೇ. ಕಿವಿಗೊಟ್ಟರೆ ಮನೆಯ ಸ್ಥಿತಿಗತಿ ತಿಳಿಯುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಒಂದು ದಿನ ಬೆಳಿಗ್ಗೆಯೇ ಕಾಟಾದ ಪರದೆ ನಿಂತುಹೋಯಿತು. ನಾನು ಹೋಗಿ ಮುಟ್ಟುವ ಹೊತ್ತಿಗೆ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿತ್ತು. "ಬಿಸಲಾಗ ಕಬ್ಬು ಒಣಗಾಕತ್ತೈತ್ರಿ ಅಕ್ಕಾರ. ಒಣಗಿದ್ರ ತೂಕ ಬರೂದಿಲ್ರಿ" ಎಂದ ಸಾಲಿನ ಮೊದಲ ರೈತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಲಾಗ್ ತೆರೆದರೆ ಖಾಲಿ. ಸೆಟ್ಟಿಂಗಿನಲ್ಲಿ 'ಎಲ್ಲವನ್ನೂ ಹೇಳು' ಎಂದು ಬರೆದೆ. ತುಟಿಪಿಟಕ್ ಎನ್ನಲಿಲ್ಲ. ಮತ್ತೆ ಬರೆದೆ, ಮಷೀನು ಆರಿಸಿ ಹಚ್ಚಿದೆ, ದೇವರಿಗೆ ಕಾಯಿ ಹರಕೆ ಹೊತ್ತೆ. ಕೊನೆಗೆ ಲೈಬ್ರರಿಯನ್ನೇ ಬಿಚ್ಚಿ ನೋಡಿದರೆ, ಸಿದ್ದು ಸೇರಿಸಿದ ಒಂದು ಸಾಲು ಸಿಕ್ಕಿತು. ನಾನು ಹೇಳಿದ್ದನ್ನೆಲ್ಲ ಅದು ಅಳಿಸಿ, ದೊಡ್ಡ ಅನಾಹುತವಾದರೆ ಮಾತ್ರ ಬಾಯಿಬಿಡು ಎಂದು ಅಪ್ಪಣೆ ಕೊಡುತ್ತಿತ್ತು. ಆ ಸಾಲು ತೆಗೆದದ್ದೇ ತಡ, 'ಕಾಟಾದಿಂದ ಅಂಕಿ ಬರುತ್ತಿಲ್ಲ, ಕಾಯುತ್ತಿದ್ದೇನೆ' ಎಂಬ ಮಾತು ಪರದೆಯ ತುಂಬ ಸುರಿಯಿತು. ಪಾಪ, ಬೆಳಗಿನಿಂದ ಅದನ್ನೇ ಹೇಳಲು ಒದ್ದಾಡುತ್ತಿತ್ತು. ಮೇಜಿನ ಕೆಳಗೆ ಕೇಬಲ್ಲು ಸಡಿಲಾಗಿತ್ತು, ಒತ್ತಿದೆ. "ಬಂತ್ರೀ ತೂಕಾ!" ಎಂದು ರೈತ ಕೂಗಿದ. ನಾನು ಮೇಜಿನಡಿಯಿಂದ ಏಳುವುದನ್ನು ತುಸು ತಡಮಾಡಿದೆ, ಕಣ್ಣು ಒರೆಸಿಕೊಳ್ಳಬೇಕಿತ್ತು.

ಸಿದ್ದುವಿಗೆ ಫೋನು ಹಚ್ಚಿದೆ. "ಸೀರಿ ನೋಡಾಕ ಬಂದವ್ರು, ಪರದಿ ಮ್ಯಾಲ ಏನೇನೋ ಓಡಾಕತ್ತೈತಿ, ಕೆಟ್ಟೈತೇನು ಅಂತಿದ್ರಕ್ಕಾ. ಅದಕ್ಕ ಬಾಯಿ ಮುಚ್ಚಿಸಿದೆ" ಎಂದ.

"ನಿನ್ನ ಅಂಗಡ್ಯಾಗ ಮುಚ್ಚಸಪಾ, ನಡುಗ್ವಾಡ್ಯಾಗ ಯಾಕ ಮೊಳಿ ಹೊಡದಿ?" ಎಂದು ಮಾವನವರ ಪಟದ ಕಥೆಯನ್ನು ಪೂರ್ತಿ ಹೇಳಿದೆ. ಲೈಬ್ರರಿ ಕಂಡದ್ದನ್ನು ಹೇಳುತ್ತಿರಲಿ, ಕೇಳುವುದು ಬಿಡುವುದು ಆಯಾ ಮನೆಯವರಿಗೆ ಸೇರಿದ್ದು ಎಂದು ಅಂದೇ ಗೊತ್ತುಮಾಡಿಕೊಂಡೆವು.

ಈಗ ಸಿದ್ದು ಒಂದು ಚುಕ್ಕೆ ಬದಲಿಸುವುದಿದ್ದರೂ ಫೋನು ಮಾಡುತ್ತಾನೆ: "ಅಕ್ಕಾ, ಒಂದು ಮೊಳಿ ಹೊಡೀಲೇನ್ರೀ?" ಬಿಸಿಲಲ್ಲಿ ನಿಂತ ಆ ಟ್ರ್ಯಾಕ್ಟರುಗಳು ನೆನಪಾಗಿ ನಾನೂ ತಾಳ್ಮೆಯಿಂದ, "ತಡಿಯಪಾ, ಪಟಾ ಇಳಸ್ತೇನಿ" ಎನ್ನುತ್ತೇನೆ. ಒಳಗಿದ್ದ ಅತ್ತೆ ಅದನ್ನು ಕೇಳಿ, ಯಾವ ಗೋಡೆ ಎಂದು ವಿಚಾರಿಸದೆ, ಸ್ಟೂಲು ತರಲು ಎದ್ದುಬಿಡುತ್ತಾರೆ.