ನಲವತ್ತೆಂಟು ನಿಮಿಷದ ಬ್ಯಾಂಡು

ಶೀತಲನ ಮೊಣಕಾಲುಗಳು ವರ್ಷದ ಹನ್ನೆರಡು ತಿಂಗಳೂ ಹಳದಿಯಾಗಿರುತ್ತಿದ್ದವು. ಒಂದು ಗಾಯಕ್ಕೆ ನಾನು ಮೆತ್ತಿದ ಅರಿಸಿನ ಒಣಗುವ ಮೊದಲೇ ಅವನು ಇನ್ನೊಂದು ಸಲ ಬಿದ್ದು ಬರುತ್ತಿದ್ದ. ಸಾಂಗ್ಲಿಯಲ್ಲಿ ಅರಿಸಿನಕ್ಕೇನು ಕೊರತೆ, ಮಾವನವರದೇ ಅರಿಸಿನದ ಅಡತಿ ಅಂಗಡಿ. ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಬಾಯಿ ತೆರೆದು ತೋರಿಸುವನು: "ವೈನಿ, ಹಲ್ಲು ಎಲ್ಲಾ ಅದಾವ ನೋಡ್ರಿ." ಹಲ್ಲು ಉಳಿದದ್ದು ಯಾವ ಜನ್ಮದ ಪುಣ್ಯವೋ ಅಂದುಕೊಂಡು ನಾನು ಎಣ್ಣೆ ಕಾಯಿಸಲು ಏಳುತ್ತಿದ್ದೆ.

ಅವನು ನಮ್ಮವರ ಕಡೆಯ ತಮ್ಮ. ನಾನು ಗಡಿಯಾಚೆಯ ಹಳ್ಳಿಯಿಂದ ಈ ಜೈನ ಮನೆತನಕ್ಕೆ ಸೊಸೆಯಾಗಿ ಬಂದಾಗ ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದ. ಅವನು ಕಾಲೇಜು ಸೇರುವ ಹೊತ್ತಿಗೆ ಊರಿನ ತುಂಬ ಕೇಬಲ್ಲಿನ ಕಪ್ಪು ವಾಯರುಗಳು ಜೋತುಬಿದ್ದಿದ್ದವು. ಮುಂಬಯಿಯ ಸೋದರಮಾವನ ಮಗ ರಜೆಗೆ ಬಂದವನು ಒಂದು ಕ್ಯಾಸೆಟ್ಟನ್ನೂ ನಾಲ್ಕು ಚಕ್ರದ ಒಂದು ಹಲಗೆಯನ್ನೂ ಇವನಿಗೆ ಬಿಟ್ಟು ಹೋದ. ಆ ಹಲಗೆಯ ಮೇಲೆ ನಿಂತು ಹಾರುವುದು, ಕ್ಯಾಸೆಟ್ಟಿನಲ್ಲಿದ್ದ ಹಾಗೆ ಅರಚುವುದು, ಎರಡೂ ಇವನಿಗೆ ಒಟ್ಟಿಗೇ ಹತ್ತಿಕೊಂಡವು. ಆ ಸಂಗೀತಕ್ಕೆ ಸ್ಕೇಟ್ ಪಂಕ್ ಎಂದು ಹೆಸರಂತೆ. ನನಗೆ ತಿಳಿದದ್ದಿಷ್ಟು: ಹಾಡು ಬೇಗ ಶುರುವಾಗುತ್ತದೆ, ಬೇಗ ಓಡುತ್ತದೆ, ನಾವು ಕಿವಿ ಮುಚ್ಚಿಕೊಳ್ಳುವುದರೊಳಗೆ ಮುಗಿದಿರುತ್ತದೆ.

ಹಲಗೆ ಓಡಿಸಲು ಮಾಧವನಗರಕ್ಕೆ ಹೋಗುತ್ತಿದ್ದ. ಅಲ್ಲಿ ಮುಚ್ಚಿದ ಮಿಲ್ಲೊಂದರ ಸಿಮೆಂಟಿನ ಅಂಗಳವಿತ್ತು. ಅವನ ಗೆಳೆಯ ಪ್ರಕಾಶನ ತಂದೆ ಅದೇ ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡಿದ್ದವರು, ಈಗ ಗೇಟಿನ ಕಾವಲಿಗೆ ಕೂತಿದ್ದರು. ನಮ್ಮ ಅತ್ತೆಯವರದು ಒಂದೇ ಷರತ್ತು: "ಶೀತ್ಯಾ, ಚಕ್ರದಾಗ ಒಂದು ಇರಿವಿ ಸಿಕ್ರೂ ಪಾಪ ಹಲಗಿಗಿ ಅಲ್ಲ, ನಿನಗ." ಅದಕ್ಕೇ ಬಸದಿಯಲ್ಲಿ ಬಳಸುವಂಥ ಮೆತ್ತನೆಯ ಪೊರಕೆಯೊಂದನ್ನು ಹಲಗೆಗೆ ಕಟ್ಟಿಕೊಂಡು ಹೋಗುವನು. ಹಾರುವ ಮೊದಲು ಅಂಗಳವನ್ನೆಲ್ಲ ಬಗ್ಗಿ ಗುಡಿಸುವನು. "ಮಿಲ್ ಚಾಲೂ ಇದ್ದಾಗೂ ಇಷ್ಟು ಚಂದ ಯಾರೂ ಕಸಾ ಹೊಡದಿಲ್ಲ," ಎಂದು ಪ್ರಕಾಶನ ತಂದೆ ನಗುತ್ತಿದ್ದರಂತೆ.

ಬ್ಯಾಂಡಿನಲ್ಲಿ ಮೂವರು. ಶೀತಲ ಗಿಟಾರು ಹಿಡಿದು ಹಾಡುವವನು. ಪ್ರಕಾಶ ಡ್ರಮ್ಮು ಬಾರಿಸುವವನು. ಮೂರನೆಯವನು ಮಿರಜಿನ ರಫೀಕ, ಸಿತಾರು ಮಾಡುವವರ ಮಗ. ಅಂಗಡಿಯಲ್ಲಿ ಸಿತಾರಿಗೆಂದು ತಂದ ಮರದಲ್ಲೇ ತನಗೊಂದು ಬೇಸ್ ಗಿಟಾರು ಕೆತ್ತಿಕೊಂಡಿದ್ದ. ಅವನ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಲ್ಲಾ ಬರೋಬರಿ ಐತಿ, ಇದರ ಸೋರಿ ಬುರಡಿ ಎಲ್ಲಿ ಹೋತು?" ಎಂದು ಕೇಳಿದ್ದರಂತೆ.

ಮೂವರೂ ಸೇರುತ್ತಿದ್ದದ್ದು ನಮ್ಮ ಮಾಳಿಗೆಯ ಕೋಣೆಯಲ್ಲಿ. ಅತ್ತೆಯವರಿಗೆ ಆ ಸದ್ದಿನಿಂದ ತಲೆ ಸಿಡಿಯುತ್ತಿತ್ತು. "ನಾ ಮನ್ಯಾಗ ಇರೂತನಕ ಆ ಗದ್ದಲಾ ನಡಿಯಂಗಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಅವರು ಮಧ್ಯಾಹ್ನ ಬಸದಿಗೆ ಶಾಸ್ತ್ರ ಕೇಳಲು ಹೋದರೆ ಬರುವುದು ಐದು ದಾಟಿದ ಮೇಲೆ. ಉಳಿದವರೆಲ್ಲ ಅಂಗಡಿ, ಶಾಲೆ ಎಂದು ಹೊರಗಿರುವ ಹೊತ್ತು, ನಾಲ್ಕಕ್ಕೆ ನಾನು ಬಾಗಿಲ ಅಗಳಿ ಹಾಕಿ ಸಾಮಾಯಿಕಕ್ಕೆ ಕೂರುತ್ತಿದ್ದೆ. ನಲವತ್ತೆಂಟು ನಿಮಿಷ ಏಳುವಂತಿಲ್ಲ, ಮಾತಾಡುವಂತಿಲ್ಲ, ಮನಸ್ಸಿನಲ್ಲಿ ಜಪ ಮಾತ್ರ. ಹನ್ನೊಂದು ಜನರ ಮನೆ, ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ನಿಲ್ಲುವವಳು ನಾನು. ಇಡೀ ದಿನದಲ್ಲಿ ನನ್ನ ಬೆನ್ನು ಗೋಡೆಗೆ ತಾಗುತ್ತಿದ್ದದ್ದು ಆ ನಲವತ್ತೆಂಟು ನಿಮಿಷ. ಅದನ್ನು ಕೊಟ್ಟ ಧರ್ಮಕ್ಕೆ ನಾನು ಋಣಿ.

ಆ ಹುಡುಗರು ಅದನ್ನೇ ನೋಡಿಕೊಂಡಿದ್ದರು. ನಾನು ಚಾಪೆ ಹಾಸಿ ಕಣ್ಣು ಮುಚ್ಚಿದೆನೋ ಇಲ್ಲವೋ, ಮೆಟ್ಟಿಲ ಮೇಲಿಂದ ಶೀತಲನ ಪಿಸುಮಾತು ಕೇಳುತ್ತಿತ್ತು: "ವೈನಿ ಕುಂತ್ರು, ಚಾಲೂ ಮಾಡ್ರೋ!" ಬೈಯೋಣವೆಂದರೆ ಬಾಯಿ ತೆರೆಯುವಂತಿಲ್ಲ. ಜಂತೆಯಿಂದ ಮಣ್ಣು ಉದುರುತ್ತಿತ್ತು. ನನ್ನ ಸಾಮಾಯಿಕ ಮುಗಿಯಿತೋ, ಅವರದೂ ಮುಗಿಯಿತು.

ಒಮ್ಮೆ ಒಂದೇ ಮಾತನ್ನು ಹಾಡುತ್ತಿದ್ದ: "ಲೈಟ್ ಹೋತು, ಲೈಟ್ ಹೋತು." ಎದ್ದ ಮೇಲೆ ಹಿಡಿದು ನಿಲ್ಲಿಸಿ ಕೇಳಿದೆ, "ಇದಕ್ಕ ಹಾಡು ಅಂತಾರೇನೋ ಮಾರಾಯಾ?"

"ವೈನಿ, ನೀವು ಒಂದ ಮಂತ್ರ ನೂರಾಎಂಟು ಸಲ ಅಂತೀರಿ. ನಾ ನಲವತ್ತು ಸಲ ಅಂದ್ರ ತಪ್ಪೇನ್ರಿ?"

ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದೆ.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಇವರಿಗೆ ಮೊದಲ ಸಲ ಸ್ಟೇಜು ಸಿಕ್ಕಿತು. ಜನ ಸಿನಿಮಾ ಹಾಡು ಬೇಕೆಂದು ಕೂಗಿದರು. ಎರಡನೆಯ ಹಾಡಿನ ನಡುವೆ ಯಾರೋ ಮೈಕು ತೆಗೆಸಿದರು. ಶೀತಲ ಮೈಕಿಲ್ಲದೆಯೇ ಕೊನೆಯ ಮಾತಿನವರೆಗೂ ಅರಚಿ ಹಾಡಿ, ವಾಯರು ಸುತ್ತಿಟ್ಟು ಇಳಿದು ಬಂದನಂತೆ. ಮರುದಿನ ದನಿ ಪೂರ್ತಿ ಕೂತುಹೋಗಿತ್ತು. ಅರಿಸಿನ ಹಾಕಿದ ಬಿಸಿ ಹಾಲು ಕೊಡುತ್ತ, "ಅಷ್ಟು ಮಂದಿ ನಗೂಮುಂದ ಇಳದು ಬರಬೇಕಿಲ್ಲೋ?" ಅಂದೆ.

"ಅರ್ಧಕ್ಕ ಹೆಂಗ ಬಿಡೂದ್ರಿ? ನಾವು ಮ್ಯಾಲ ಇಷ್ಟು ಗದ್ದಲಾ ಹಾಕಿದ್ರೂ ನೀವು ಅರ್ಧಕ್ಕ ಎದ್ದೀರೇನು?"

ಆಮೇಲೆ ಪುಣೆಯ ಒಂದು ಕಾಲೇಜಿನ ಸ್ಪರ್ಧೆಯ ಸುದ್ದಿ ಬಂತು. ನಾಲ್ಕು ಹಾಡುಗಳ ಕ್ಯಾಸೆಟ್ಟು ಕಳಿಸಬೇಕು, ಅವರಿಗೆ ಹಿಡಿಸಿದರೆ ಕರೆಯುತ್ತಾರೆ. ಕೈಯಲ್ಲಿ ಉಳಿದಿದ್ದದ್ದು ಒಂದೇ ದಿನ, ಆ ಸಂಜೆಯ ಟಪಾಲಿಗೆ ಹಾಕಲೇಬೇಕು. ಐದಕ್ಕೆ ಲೋಡ್ ಶೆಡ್ಡಿಂಗ್, ಅಷ್ಟರೊಳಗೆ ರೆಕಾರ್ಡು ಮುಗಿಯಬೇಕು. "ಇದೂ ಹೋತಂದ್ರ ನಮ್ಮನ್ನ ಮತ್ತ ಯಾರೂ ಕರಿಯಂಗಿಲ್ಲ, ವೈನಿ," ಎಂದು ಶೀತಲ ಬೆಳಿಗ್ಗೆ ಅಡುಗೆಮನೆಯಲ್ಲಿ ಹೇಳಿದ. ಅವನು ನಗದೆ ಮಾತಾಡಿದ್ದನ್ನು ಅವತ್ತೇ ನೋಡಿದ್ದು.

ಮಾಧವನಗರದಿಂದ ಆಟೋ ಸಿಗದೆ ಪ್ರಕಾಶ ನಾನು ಅಗಳಿ ಹಾಕುವ ಹೊತ್ತಿಗೆ ಬಂದ, ಡ್ರಮ್ಮು ಜೋಡಿಸಿ ಶುರುವಾಗುವುದೇ ತಡವಾಯಿತು. ನಾನು ನಾಲ್ಕಕ್ಕೆ ಕೂತಿದ್ದೆ. ಮೇಲೆ ಒಂದು ಹಾಡು ಮುಗಿಯಿತು, ಎರಡು, ಮೂರು. ಕಣ್ಣು ತೆರೆದರೆ ಗೋಡೆಯ ಗಡಿಯಾರದಲ್ಲಿ ನನ್ನ ಹೊತ್ತು ಆಗಿತ್ತು. ಕೈಮುಗಿದು ಏಳಬೇಕು, ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಶಾಸ್ತ್ರ ಓದುವವರಿಗೆ ಜ್ವರವೆಂದು ಅತ್ತೆಯವರು ಬೇಗ ಬಂದುಬಿಟ್ಟಿದ್ದರು.

"ವಿಮಲಾ, ಬಾಗಿಲ ತಗಿ!"

ಮೇಲೆ ನಾಲ್ಕನೆಯ ಹಾಡು ಶುರುವಾಯಿತು. ಬಾಗಿಲು ತೆರೆದರೆ ಅತ್ತೆ ಸೀದಾ ಮೆಟ್ಟಿಲು ಹತ್ತುತ್ತಾರೆ. ಹೊರಗೆ ಚೈತ್ರದ ಬಿಸಿಲು, ವಯಸ್ಸಾದ ಜೀವ. ನಾನು ಏಳಲಿಲ್ಲ. ಹಾಡು ನಡುವೆ ತಪ್ಪಿ ಮತ್ತೆ ಮೊದಲಿನಿಂದ ಶುರುವಾಯಿತು. "ಏ ವಿಮಲಾ! ಶೀತ್ಯಾ, ಅದನ್ನ ನಿಂದ್ರಸೋ!" ಅತ್ತೆ ಚಿಲಕ ಬಡಿಯುತ್ತಲೇ ಇದ್ದರು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದೆ. ಬಾಯಲ್ಲಿ ಜಪವಿರಲಿಲ್ಲ, ಕಣ್ಣು ಗಡಿಯಾರದ ಮೇಲಿತ್ತು. ಹಾಡು ಮುಗಿಯಿತು. ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಆಗ ಎದ್ದು ಅಗಳಿ ತೆಗೆದೆ.

ಅತ್ತೆಯವರ ಮುಖ ಕೆಂಪಾಗಿತ್ತು. "ಆಗಿರಲಿಲ್ಲೇನ ನಿನ್ನ ಸಾಮಾಯಿಕ?"

"ಇಲ್ಲರಿ, ಇವತ್ತ ತಡಾ ಮಾಡಿ ಕುಂತಿದ್ದೆ."

ಅವರು ನಂಬಿದರು. ಧರ್ಮದ ಹೆಸರಿನಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಆ ಚಾತುರ್ಮಾಸದಲ್ಲಿ ಊರಿಗೆ ಬಂದ ಸನ್ಯಾಸಿನಿ ಮಾತಾಜಿಯವರ ಮುಂದೆ ಕೂತು ಹೇಳಿಕೊಂಡೆ. "ನಿನಗ ಪ್ರೀತಿಯ ಒಂದು ಪದಾರ್ಥ ಬಿಡು. ಮಾಡಿದ್ದು ತಪ್ಪು ಅಂತ ನಿನ್ನ ಮನಸಿಗಿ ಅನಸೂತನಕ ಬಿಡು," ಅಂದರು. ನಾನು ಬೆಲ್ಲ ಬಿಟ್ಟೆ. ಸಾಂಗ್ಲಿಯ ಬೆಲ್ಲ! ಏಕೆ ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ. ವಯಸ್ಸಾಗುತ್ತ ಬಂದಂತೆ ಮನೆಯವರು ನನಗೆ ಸಕ್ಕರೆ ಕಾಯಿಲೆ ಎಂದು ತಾವೇ ತೀರ್ಮಾನಿಸಿಕೊಂಡರು.

ಪುಣೆಯಿಂದ ಕರೆ ಬಂತು. ಕಾರ್ಯಕ್ರಮದ ಹಾಳೆಯಲ್ಲಿ ಬ್ಯಾಂಡಿನ ಹೆಸರು 'ಅಠ್ಠೇಚಾಳೀಸ' ಎಂದು ಅಚ್ಚಾಗಿತ್ತು. ಮರಾಠಿಯಲ್ಲಿ ನಲವತ್ತೆಂಟು. ಏನಪ್ಪಾ ಈ ಹೆಸರು ಎಂದರೆ, "ನಿಮ್ಮ ಆಶೀರ್ವಾದರಿ" ಎಂದು ಕಾಲು ಮುಟ್ಟಿದ. ಬಹುಮಾನ ಬರಲಿಲ್ಲ. ಆದರೆ ಹುಡುಗರೆಲ್ಲ ಎದ್ದು ಕುಣಿದರಂತೆ, ಯಾರೂ ಮೈಕು ತೆಗೆಸಲಿಲ್ಲವಂತೆ. ಮಿರಜ್ ಸ್ಟೇಷನ್ನಿನಿಂದ ಮನೆಗೆ ಬಂದವನು ಅದನ್ನು ಮೂರು ಸಲ ಹೇಳಿದ, ದನಿಯೇ ಇಲ್ಲದ ಬಾಯಿಂದ.

ಪರವೂರಿನಲ್ಲಿ ಅವರು ಹಾಡಿದ್ದು ಅದೇ ಮೊದಲು, ಅದೇ ಕೊನೆ. ಯಾರೂ ಜಗಳವಾಡಲಿಲ್ಲ. ಪ್ರಕಾಶನಿಗೆ ಕೊಲ್ಲಾಪುರದಲ್ಲಿ ಕೆಲಸ ಸಿಕ್ಕಿತು. ರಫೀಕನ ಅಪ್ಪನ ಕೈ ನಡುಗಲು ಶುರುವಾಗಿ ಉಳಿ ಮಗನ ಕೈಗೆ ಬಂತು. ಮಾವನವರಿಗೆ ಲಕ್ವಾ ಹೊಡೆದು ಶೀತಲ ಅಡತಿ ಅಂಗಡಿಯ ಗಾದಿ ಹತ್ತಿದ. ಒಂದು ಮಧ್ಯಾಹ್ನ ನಾನು ಕೂತೆ, ಮೇಲೆ ಸದ್ದಿಲ್ಲ. ಮರುದಿನವೂ ಇಲ್ಲ. ಅಷ್ಟು ವರ್ಷ ಆ ಗದ್ದಲದಲ್ಲಿ ನಿಂತ ಮನಸ್ಸು ಆ ಶಾಂತಿಯಲ್ಲಿ ನಿಲ್ಲಲಿಲ್ಲ. ಸೊಂಟ ನೋವು, ಟ್ಯಾಂಕಿಗೆ ನೀರು, ನಾಳೆಯ ಹಿಟ್ಟು, ಎಲ್ಲ ನೆನಪಾಗುತ್ತಿದ್ದವು. ಮಿಲ್ಲಿನ ಅಂಗಳದಲ್ಲಿ ಆಮೇಲೆ ಫ್ಲ್ಯಾಟುಗಳೆದ್ದವು.

ಶೀತಲನಿಗೆ ಮದುವೆಯಾಯಿತು, ಹೊಟ್ಟೆ ಬಂತು, ಮೊಣಕಾಲು ಸವೆದವು. ಹೋದ ವರ್ಷ ಎದೆನೋವೆಂದು ಮಿರಜಿನ ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದೆ. ಯಾರೋ ತಂದಿಟ್ಟ ಬೆಲ್ಲದುಂಡೆಯನ್ನು ನನ್ನತ್ತ ಚಾಚಿ, "ತಗೋರಿ. ನಿಮಗ ಶುಗರ್ ಇಲ್ಲ, ನಿಮ್ಮ ರಿಪೋರ್ಟ್ ನಾನ ತಂದು ಕೊಟ್ಟೇನಿ. ಬೆಲ್ಲಾ ಯಾಕ ಬಿಟ್ರಿ, ಖರೇ ಹೇಳ್ರಿ," ಅಂದ. ಹೇಳಿದೆ. ಮೊದಲು ನಕ್ಕ. ಆಮೇಲೆ ಆ ಉಂಡೆಯನ್ನು ತಿರುಗಿ ಎತ್ತಿಟ್ಟ.

"ನನಗ ಅವತ್ತ ಗೊತ್ತಿತ್ತರಿ, ವೈನಿ. ಕಡೀ ಹಾಡಿಗಿ ಮೊದಲ ಮೆಟ್ಲ ಮ್ಯಾಲ ಬಂದು ಬಗ್ಗಿ ನೋಡಿದ್ದೆ. ನಿಮ್ಮ ಟೈಮ್ ಆಗಿತ್ತು. ನಿಮ್ಮ ಕಣ್ಣು ತಗದಿದ್ವು."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲೋ?"

"ಅವತ್ತ ಹೇಳಿದ್ರ ನೀವು ಎದ್ದುಬಿಡ್ತಿದ್ರಿ. ಆಮ್ಯಾಲ ಹೇಳಾಕ ನಾಚಿಕಿ ಆತು."

ಮೂರನೆಯ ದಿನ ಹೋಗಿಬಿಟ್ಟ. ನರಳಲಿಲ್ಲ, ನಿದ್ದೆಯಲ್ಲೇ ಹೋದ. ಅದಿಷ್ಟಾದರೂ ಸಿಕ್ಕಿತಲ್ಲ ಎಂದು ಕೈಮುಗಿದೆ.

ದಿನಕರ್ಮ ಮುಗಿದ ಮೇಲೆ ರಫೀಕ ಮನೆಗೆ ಬಂದಿದ್ದ. ಗಡ್ಡ ಬೆಳ್ಳಗಾಗಿದೆ, ಬೆರಳಲ್ಲಿ ಅರಗಿನ ಕಲೆ. ಪುಣೆಯಿಂದ ಮರಳಿ ತಂದಿದ್ದ ಆ ಹಳೆಯ ಕ್ಯಾಸೆಟ್ಟನ್ನು ಮೊಬೈಲಿಗೆ ಹಾಕಿಸಿಕೊಂಡು ಬಂದಿದ್ದ. ನಾಲ್ಕನೆಯ ಹಾಡು ಹಚ್ಚಿದ. ಶೀತಲ ಅರಚುತ್ತಿದ್ದ. ಅವನ ದನಿಯ ಹಿಂದೆ ಚಿಲಕದ ಸದ್ದು, ತೀರಿಹೋಗಿ ಎಷ್ಟೋ ವರ್ಷವಾದ ಅತ್ತೆಯವರು: "ವಿಮಲಾ, ಬಾಗಿಲ ತಗಿ!"

"ವೈನಿ, ಈಗ ಕಂಪ್ಯೂಟರದಾಗ ಈ ಬಡಿಯೂ ಸಪ್ಪಳಾ ತಗದು ಸಾಫ್ ಮಾಡಾಕ ಬರ್ತೈತ್ರಿ. ಮಾಡಸ್ಲಿ?"

"ಬ್ಯಾಡಪಾ, ಇರ್ಲಿ," ಅಂದೆ.

ಹಾಡು ಕೊನೆಯವರೆಗೂ ಓಡಿತು. ಅದರಲ್ಲಿ ಮೂವರು ಹುಡುಗರಿದ್ದಾರೆ, ಅತ್ತೆಯವರಿದ್ದಾರೆ. ನನ್ನ ದನಿ ಎಲ್ಲೂ ಇಲ್ಲ, ನಾನು ಕೂತಿದ್ದೇನೆ. ರಫೀಕನಿಗೆ ಚಹಾದ ಜೊತೆ ಬೆಲ್ಲದ ಚಿಕ್ಕಿ ಕೊಟ್ಟೆ. "ನೀವು ತಗೋರಿ" ಎಂದು ಒಂದು ತುಂಡು ಮುರಿದು ನನ್ನ ಮುಂದೆ ಹಿಡಿದ. ಮಾಡಿದ್ದು ತಪ್ಪೆಂದು ನನಗಿನ್ನೂ ಅನಿಸಿಲ್ಲ. ಒಲ್ಲೆ ಅಂದೆ.